ಲೋಟ್ಲಿಯ ಪಿಯಾನೊದೊಳಗಿನ ದೀಪ

ಜುವಾರಿ ನದಿಯ ಆಚೆ ದಡದಲ್ಲಿ ಮೀನೊಂದು ಶ್ರುತಿ ತಪ್ಪಿ ಬಾಲ ಬಡಿದರೆ, ಈಚೆ ದಡದಲ್ಲಿ ಊಟ ಮುಗಿಸಿ ಅಡ್ಡಾದ ನನಗೆ ಎಚ್ಚರವಾಗುತ್ತದೆ. ಬರೀ ಎಚ್ಚರವಲ್ಲ, ಎಷ್ಟು ಕೂದಲೆಳೆ ಇಳಿದಿದೆ, ಬಡಿದದ್ದು ಬಂಗುಡೆಯೋ ಕಾಣೆಯೋ, ಅದರ ಹೊಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂಬುದನ್ನೂ ದಿಂಬಿನಿಂದ ತಲೆ ಎತ್ತದೆ ಹೇಳಬಲ್ಲೆ. ಒಮ್ಮೆ ನಮ್ಮ ಕುಡ್ತರಿ ಇಗರ್ಜಿಯ ಗಂಟೆ ಕಾಲು ಸ್ವರ ತಗ್ಗಿತ್ತು. ನಾನು ಕೆಳಗೆ ನಿಂತು ಹುಬ್ಬು ಗಂಟಿಕ್ಕಿ ನೋಡಿದೆ, ಅಷ್ಟೆ, ತಾನಾಗಿ ಸರಿಹೋಯಿತು. ಪಾದ್ರಿಗಳು ರೋಮಿಗೆ ಬರೆಯುತ್ತೇನೆ ಎಂದರು. ಬೇಡ ಎಂದವನು ನಾನೇ. ಸುಮ್ಮನೆ ಹೆಸರು ಬರುತ್ತದೆ, ಆಮೇಲೆ ಜನ ಕಾಲಿಗೆ ಬೀಳುತ್ತಾರೆ, ಬಗ್ಗಿ ಎತ್ತಲು ನನಗೆ ಮಂಡಿನೋವು.

ನಾನು ಜೆಫೆರಿನ್ ಬಾರೆಟ್. ಗೋವಾದ ಸಾಷ್ಟಿ ತಾಲೂಕಿನ ಮನೆಗಳಲ್ಲಿರುವ ಪಿಯಾನೊಗಳಿಗೆಲ್ಲ ಶ್ರುತಿ ಕೂಡಿಸುವ ಮೆಸ್ತ್ರಿ. ನಮ್ಮ ವೃತ್ತಿಯಲ್ಲಿ ಒಂದು ಪದ್ಧತಿಯುಂಟು: ಶ್ರುತಿ ಮುಗಿದ ಮೇಲೆ ಪಿಯಾನೊದ ಒಳಮೈಯಲ್ಲಿ ಎಲ್ಲಾದರೂ ಹೆಸರು, ತಿಂಗಳು, ವರ್ಷ ಬರೆದಿಡಬೇಕು. ಮಿಕ್ಕವರು ಸಾಮಾನ್ಯ ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ. ನಾನು ನಾಲಿಗೆಗೆ ತಾಗಿಸಿ ಬರೆಯುವ ನೇರಳೆ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ನೂರು ವರ್ಷ ಕಳೆದರೂ ಅಳಿಯುವುದಿಲ್ಲ. ಮನೆ ಬೀಳಲಿ, ಮನೆತನ ಬೀಳಲಿ, ಬಾರೆಟ್ ಎಂಬ ಹೆಸರು ಮಾತ್ರ ನಿಲ್ಲಬೇಕು.

ಇಂಥ ನನಗೆ ಮೋಸವಾಯಿತು. ಅದೂ ಒಬ್ಬರಿಂದಲ್ಲ. ಒಂದು ಮರದ ಹಲಗೆಯಿಂದ, ಒಬ್ಬ ಮುದುಕಿಯಿಂದ, ಮತ್ತೆ ನಾನೇ ತೋಳಲ್ಲಿ ಹಿಡಿದು ದೀಕ್ಷಾಸ್ನಾನ ಮಾಡಿಸಿದ ಹುಡುಗಿಯಿಂದ. ಕೇಳಿ, ಆಮೇಲೆ ನೀವೇ ನ್ಯಾಯ ಹೇಳಿ.

ಹುಡುಗಿಯ ಹೆಸರು ಡೆಲ್ಫಿನಾ. ನಾನು ಅವಳ ಪಾದ್ರೀನ್, ಅಂದರೆ ದೀಕ್ಷಾಸ್ನಾನದ ಧರ್ಮಪಿತ. ಅಪ್ಪ ಹಡಗಿನಲ್ಲಿ ಅಡುಗೆಯವನು; ವರ್ಷಕ್ಕೆ ಒಂದೂವರೆ ತಿಂಗಳು ಊರಲ್ಲಿರುತ್ತಾನೆ. ಹಾಗಾಗಿ ಮಿಕ್ಕ ಹತ್ತೂವರೆ ತಿಂಗಳು ಅವಳಿಗೆ ಬುದ್ಧಿ ಹೇಳುವ ಭಾರ ನನ್ನ ತಲೆಯ ಮೇಲೆ. ಐದನೇ ವಯಸ್ಸಿನಲ್ಲೇ ಅವಳನ್ನು ಇಗರ್ಜಿಯ ಪಿಯಾನೊ ಮುಂದೆ ಕೂರಿಸಿ, ಮೇಲಿನ ಮುಚ್ಚಳ ಎತ್ತಿ, ಎರಡು ಮರದ ಚಿಲಕ ತಿರುಗಿಸಿ, ಮುಂದಿನ ಹಲಗೆ ಕಳಚಿ ತೋರಿಸಿದ್ದೆ. "ಪಿಯಾನೊ ಅಂದ್ರೆ ಅಲಮಾರು ಕಣೇ. ಹೊರಗಡೆ ಪಾಲಿಶ್ ನೋಡಿ ಮರುಳಾಗಬಾರದು. ಹೊಟ್ಟೇಲಿ ಏನಿದೆ ಅಂತ ಮೊದಲು ನೋಡಬೇಕು."

ಅವಳು ಅದನ್ನು ಮರೆಯಲೇ ಇಲ್ಲ. ಮಕ್ಕಳಿಗೆ ಏನನ್ನೂ ಸರಿಯಾಗಿ ಕಲಿಸಬಾರದು.

ಡೆಲ್ಫಿಗೆ ಹತ್ತೊಂಬತ್ತು ತುಂಬಿದ ವರ್ಷ ಇಗರ್ಜಿಯ ಸಂಗೀತ ಶಾಲೆಯ ಮಾಸ್ತರರು, ಕ್ರಿಸ್ಮಸ್ ಮುಗಿಸಿ ಬಿಟ್ಟುಬಿಡುತ್ತೇನೆ ಎಂದರು. ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರು ಡೆಲ್ಫಿಯನ್ನು ಕರೆದು ಮಾತು ಕೊಟ್ಟರು: ಅಕ್ಟೋಬರಿನಲ್ಲಿ ಲಂಡನ್ನಿಂದ ಬರುವ ಪರೀಕ್ಷಕರ ಮುಂದೆ ಎಂಟನೇ ದರ್ಜೆ ಪಾಸು ಮಾಡು, ಆ ಕುರ್ಚಿ ನಿನ್ನದು, ಆಗಲಿಲ್ಲವೋ, ಮಡಗಾಂವಿನಿಂದ ಯಾರನ್ನಾದರೂ ತರಿಸುತ್ತೇನೆ. ಡೆಲ್ಫಿಗೆ ಬೇಕಾದದ್ದು ಜೀವನದಲ್ಲಿ ಅದೊಂದೇ. ಹಡಗಿನ ಕೆಲಸದ ಹುಡುಗರ ಮದುವೆ ಸಂಬಂಧಗಳು ಎರಡು ಬಂದಿದ್ದವು, ಎರಡನ್ನೂ ಬೇಡ ಎಂದಿದ್ದಳು. ಮಕ್ಕಳಿಗೆ ಪಾಠ ಹೇಳಿಕೊಂಡು, ಭಾನುವಾರ ಪೂಜೆಗೆ ನುಡಿಸಿಕೊಂಡು ಈ ಊರಲ್ಲೇ ಇರುತ್ತೇನೆ ಎನ್ನುತ್ತಿದ್ದಳು.

ಅಷ್ಟರಲ್ಲಿ ಇಗರ್ಜಿಯವರು ಶಾಲೆಯ ಸೂರನ್ನು ದುರಸ್ತಿಗೆಂದು ಬಿಚ್ಚಿದರು. ಪಿಯಾನೊಗೆ ತಾಡಪತ್ರಿ ಹೊದಿಸಿ, ಮಳೆ ಮುಗಿಯುವವರೆಗೆ ಕೋಣೆಗೆ ಬೀಗ ಹಾಕಿದರು. ಅಭ್ಯಾಸ ಎಲ್ಲಿ ಮಾಡುವುದು?

ಡೆಲ್ಫಿಯ ತಾಯಿ ಕ್ವಿತೇರಿಯಾ ಬಾಯಿ ನನ್ನನ್ನು ಕರೆಸಿದಳು. ನೆಲದ ಮೇಲೆ ಕೂತು ಸೀಗಡಿ ಸುಲಿಯುತ್ತಿದ್ದಳು. ಮಗಳ ಪಾದ್ರೀನ್ ಆದ್ದರಿಂದ ಆಕೆ ನನ್ನನ್ನು ಕುಂಪಾರ್ ಎನ್ನುತ್ತಾಳೆ.

"ಕುಂಪಾರ್, ಇವರು ಹಡಗಿನಿಂದ ಕಾಗದ ಬರೆದಿದಾರೆ. ಫ್ರಿಜ್ಜು ಆಮೇಲೆ ನೋಡೋಣ, ಮೊದಲು ಮಗಳಿಗೆ ಪಿಯಾನೊ ತೊಗೊಳ್ಳಿ ಅಂತ. ಆರಿಸೋದು ನೀವು. ನಮಗೇನು ಗೊತ್ತು, ಕಪ್ಪು ಬಿಳಿ ಹಲ್ಲು ಕಂಡ್ರೆ ಎಲ್ಲಾ ಪಿಯಾನೊನೇ."

"ಕ್ವಿತೇರಿಯಾ ಬಾಯ್, ನನ್ನ ಹತ್ರ ಪಿಯಾನೊ ಕೇಳೋದೂ ಒಂದೇ, ಸಮುದ್ರದ ಹತ್ರ ನೀರು ಕೇಳೋದೂ ಒಂದೇ."

"ಸಮುದ್ರದ ನೀರು ಕುಡಿಯೋಕೆ ಬರಲ್ಲ ಕುಂಪಾರ್," ಎಂದಳು ಆಕೆ, ಸೀಗಡಿಯ ತಲೆ ಕಿತ್ತು ಬಿಸಾಡುತ್ತಾ. "ಊರಿನ ಪಿಯಾನೊಗಳಿಗೆಲ್ಲ ಶ್ರುತಿ ಮಾಡ್ತೀರಿ, ನಿಮ್ಮ ಬಾಯಿಗೆ ಮಾಡೋರು ಯಾರೂ ಹುಟ್ಟಲಿಲ್ಲ."

ಡೆಲ್ಫಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಪಾದ್ರೀನ್ ಇದ್ದಾಗ ನನಗೇನು ಚಿಂತೆ ಬಿಡಮ್ಮ. ಅವರು ತೋರಿಸಿದ್ದನ್ನ ಕಣ್ಣು ಮುಚ್ಚಿ ತೊಗೊಳ್ತೀನಿ."

ಕಣ್ಣು ಮುಚ್ಚಿ ಎಂದಳು. ಅದು ನನಗೆ ಇವತ್ತಿಗೂ ನೆನಪಿದೆ.

ಮೇ ತಿಂಗಳ ಬಿಸಿಲಿನಲ್ಲಿ ಮೂರು ಮನೆ ತಿರುಗಿದೆವು. ಮೊದಲನೆಯದು ಬಾಣಾವಲಿಯಲ್ಲಿ, ಕುವೈತಿನಿಂದ ಮರಳಿದವರ ಮನೆ. ಕರಿಯ ಬಣ್ಣದ, ಕನ್ನಡಿಯಂತೆ ಮುಖ ಕಾಣುವ, ಎದೆಯೆತ್ತರದ ಜಪಾನಿನ ಪಿಯಾನೊ. ಡೆಲ್ಫಿ ಕೂತು ಕೈ ಇಟ್ಟಳು. ಮೆಲ್ಲಗೆ ನುಡಿಸಿದರೆ ಮೆಲ್ಲಗೆ, ಗುಡುಗಿದರೆ ಗುಡುಗು. ಒಂದೇ ಕೀಯನ್ನು ಹತ್ತು ಸಲ ಬೇಗ ಬೇಗ ಒತ್ತಿದರೂ ಹತ್ತೂ ಸಲ ಎದ್ದು ನಿಂತಿತು. ಅವಳು ನನ್ನ ಕಡೆ ತಿರುಗಿದಾಗ ಮುಖವೆಲ್ಲ ಬೆವರು, ಬೆವರಿನ ಹಿಂದೆ ಬೆಳಕು.

"ಪಾದ್ರೀನ್, ಇದು ನಾನು ಮನಸ್ಸಲ್ಲಿ ಅಂದ್ಕೊಂಡಿದ್ದನ್ನೇ ಹೇಳುತ್ತೆ!"

"ಅದೇ ಕಣೇ ತೊಂದರೆ," ಎಂದೆ. "ನೀನಂದಿದ್ದಕ್ಕೆಲ್ಲ ಹೂಂ ಅನ್ನೋ ಪಿಯಾನೊ ಮನೆ ಅಳಿಯ ಇದ್ದ ಹಾಗೆ. ನಿನಗೆ ಏನೂ ಕಲಿಸಲ್ಲ. ಜೊತೆಗೆ ಜಪಾನಿನ ಮರ. ಜೂನ್ ಮಳೆ ಬಿದ್ದರೆ ಹಪ್ಪಳದ ಥರ ಮೆತ್ತಗಾಗುತ್ತೆ. ನಾನು ಕಣ್ಣಾರೆ ಕಂಡಿದೀನಿ, ಒಬ್ಬರ ಮನೇಲಿ ಪಿಯಾನೊ ಒದ್ದೆಯಾಗಿ ಮಡಚಿಕೊಂಡುಬಿಡ್ತು, ನುಡಿಸ್ತಿದ್ದವನ ಕೈ ಒಳಗೇ ಸಿಕ್ಕಿಹಾಕಿಕೊಂಡು ಬಡಗಿ ಬರಬೇಕಾಯ್ತು."

ಎರಡನೆಯದು ಮಡಗಾಂವಿನಲ್ಲಿ, ಡಾಕ್ಟರೊಬ್ಬರ ಮನೆಯಲ್ಲಿ. ಇಂಗ್ಲೆಂಡಿನದು. ನೋಡಲು ಸಾದಾ, ಧ್ವನಿ ತುಂಬು. ಡೆಲ್ಫಿ ಮುಚ್ಚಳ ಎತ್ತಿ, ಚಿಲಕ ತಿರುಗಿಸಿ, ಹೊಟ್ಟೆ ನೋಡಿದಳು. ಸುತ್ತಿಗೆಗಳ ಉಣ್ಣೆ ಸವೆದಿಲ್ಲ, ತಂತಿಗೆ ತುಕ್ಕಿಲ್ಲ ಎಂದು ನನಗೇ ಪಾಠ ಒಪ್ಪಿಸಿದಳು. ನಾನು ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ಮಂಡಿಯೂರಿ, ಪಿಯಾನೊದ ಕಾಲಬುಡ ಪರೀಕ್ಷೆ ಮಾಡಿದೆ. ನೆಲದ ಮೇಲೆ ಕಂದು ಪುಡಿ.

"ಹುಳ," ಎಂದೆ. "ಮರ ಕೊರೀತಾ ಇದೆ. ಇನ್ನೆರಡು ವರ್ಷಕ್ಕೆ ಬರೀ ತಂತಿ ಉಳಿಯುತ್ತೆ, ಬಟ್ಟೆ ಒಣಗಿಸಬಹುದು."

ಡಾಕ್ಟರ ಹೆಂಡತಿ ಉರಿದುಬಿದ್ದಳು. "ನಮ್ಮನೇಲಿ ಹುಳವಾ? ಹೋದ ತಿಂಗಳು ತಾನೆ ಎಣ್ಣೆ ಹಚ್ಚಿಸಿದೀವಿ! ಬೆಳಿಗ್ಗೆ ತಾನೆ ಗುಡಿಸಿದೀವಿ!"

ಡೆಲ್ಫಿ ಬಗ್ಗಿ ಹತ್ತಿರದಿಂದ ನೋಡಿದಳು. ನೋಡಿದವಳು ಮೂರು ಸಲ ಸೀನಿದಳು.

"ನೋಡಿದ್ಯಾ," ಎಂದೆ, "ಇಂಗ್ಲೆಂಡಿನ ಹುಳದ ಪುಡಿ ಎಷ್ಟು ಖಾರ."

ಮೂರನೆಯದು ಲೋಟ್ಲಿಯಲ್ಲಿ, ದೋನಾ ಆರ್ಮಿಂದಾಳ ಬಂಗಲೆ. ಆಕೆ ಪಣಜಿಯಲ್ಲಿ ತಂಗಿಯ ಜೊತೆ ಇರಲು ಹೊರಟಿದ್ದಳು, ಸಾಮಾನು ಮಾರುತ್ತಿದ್ದಳು. ನಾನು ಆ ಪಿಯಾನೊವನ್ನು ಹಿಂದೆಂದೂ ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿಯಲ್ಲಿ ಡೆಲ್ಫಿಗೂ ಹೇಳಿದ್ದೆ. ಗೇಟು ತೆಗೆದ ಕೂಡಲೇ ಅವರ ನಾಯಿ ಓಡಿಬಂದು ನನ್ನ ಕೈ ನೆಕ್ಕಿತು. ನನ್ನಂಥವರ ಮುಂದೆ ನಾಯಿಗಳು ಹಾಗೆಯೇ, ಸಂಗೀತದ ವಾಸನೆ ಹತ್ತುತ್ತದೆ. ಮೂರನೇ ಮೆಟ್ಟಿಲ ಕಲ್ಲು ಅಲ್ಲಾಡುತ್ತದೆ, ದಾಟಿ ಹೋಗು ಎಂದು ಡೆಲ್ಫಿಗೆ ಎಚ್ಚರಿಸಿದೆ. ಕಲ್ಲಿನ ಶ್ರುತಿಯೂ ನನಗೆ ದೂರದಿಂದಲೇ ತಿಳಿಯುತ್ತದೆ.

ದೋನಾ ಆರ್ಮಿಂದಾಗೆ ಎಂಬತ್ತು ದಾಟಿತ್ತು, ಕಿವಿ ಮಂದ. "ಓ ಮೆಸ್ತ್ರಿ! ಈ ವರ್ಷ ಇಷ್ಟು ಬೇಗ? ಬೆಬಿಂಕಾ ಸಿಹಿ ಇನ್ನೂ ಮಾಡಿಲ್ಲವಲ್ಲ!" ಎಂದಳು.

"ಪಾಪ, ಯಾರೋ ಅಂದ್ಕೊಂಡಿದಾರೆ," ಎಂದು ಡೆಲ್ಫಿಯ ಕಿವಿಯಲ್ಲಿ ಹೇಳಿದೆ.

ಆದರೆ ಪಿಯಾನೊ! ಬೀಟೆ ಮರದ ಮೈ, ಹಿತ್ತಾಳೆಯ ಮೇಣದಬತ್ತಿ ಕೈಗಳು ಎರಡು ಕಡೆ, ದಂತದ ಕೀಗಳು. ಆಕೆಯ ಅಜ್ಜ ಜರ್ಮನಿಯಿಂದ ತರಿಸಿದ್ದು. ಇಳಿಸುವಾಗ ಮುರ್ಗಾಂವ್ ಬಂದರಿನಲ್ಲಿ ಹಡಗು ಮೂರು ಗೇಣು ಮೇಲೆದ್ದಿತಂತೆ. ಕಾಲಿನ ಹತ್ತಿರದ ಹಲಗೆಯ ಸಂದಿನಿಂದ ಹಳದಿ ಬೆಳಕು ಕಾಣುತ್ತಿತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಪಿಯಾನೊದ ಹೊಟ್ಟೆಯಲ್ಲಿ ಒಂದು ಬಲ್ಬು ಉರಿಸಿಡುವುದು ಎಲ್ಲರ ಮನೆಯ ರೂಢಿ, ತೇವ ಹತ್ತಬಾರದೆಂದು.

ಡೆಲ್ಫಿ ಕೇಳಿದಳು: "ಮೇ ತಿಂಗಳಲ್ಲಿ ಯಾಕೆ ದೀಪ?"

ದೋನಾ ಆರ್ಮಿಂದಾಗೆ ಇದು ಮಾತ್ರ ಕೇಳಿಸಿತು. "ನಮ್ಮ ಮೆಸ್ತ್ರಿ ಹೇಳಿದಾರೆ ಮಗಾ, ಬಿಸಿಲಿರಲಿ ಮಳೆಯಿರಲಿ, ದೀಪ ಆರಿಸಬೇಡಿ ಅಂತ. ಇಪ್ಪತ್ತು ವರ್ಷದಿಂದ ಒಂದು ದಿನ ಆರಿಸಿಲ್ಲ. ಕರೆಂಟು ಹೋದ್ರೆ ಲಾಂದ್ರ ಇಡ್ತಿದ್ದೆ."

"ಯಾವ ಮೆಸ್ತ್ರಿಯೋ, ಬಲ್ಲವನು," ಎಂದೆ ನಾನು.

ಡೆಲ್ಫಿ ನುಡಿಸಿದಳು. ಶ್ರುತಿ ಗಡಿಯಾರದಷ್ಟು ಸರಿಯಿತ್ತು. ಮಧ್ಯದ ಸ್ವರಗಳು ಜೇನು, ಕೆಳಗಿನವು ಇಗರ್ಜಿಯ ಗಂಟೆ. ಆದರೂ ಅವಳು ಸ್ವಲ್ಪ ಹಿಂದೆ ಮುಂದೆ ನೋಡಿದಳು. "ಚೆನ್ನಾಗಿದೆ. ಆದರೆ ಬಾಣಾವಲಿದು..."

"ನನ್ನನ್ನ ಕೇಳ್ತೀಯೋ, ಕುವೈತಿನವರನ್ನ ಕೇಳ್ತೀಯೋ?"

"ತಂತಿ ಬಿಗಿಯೋ ಬಿರಡೆ ನೋಡಿದ್ರಾ ಪಾದ್ರೀನ್? ಕೀಲಿ ಹಾಕಿ ತಿರುಗಿಸಿ ನೋಡಬೇಕು ಅಂತ ನೀವೇ ಹೇಳ್ತಿದ್ರಿ."

"ಕೀಲಿ ಹಾಕಬೇಕಾದ್ದು ಮಾಮೂಲಿ ಜನ. ನಾನು ಕೇಳಿದರೆ ಸಾಕು."

ಅವಳು ತಲೆಯಾಡಿಸಿದಳು. ಮುಂದಿನ ವಾರ ಪಿಯಾನೊ ಕುಡ್ತರಿಗೆ ಬಂತು. ನಾನು ಒಂದು ಕಿರುಬೆರಳಿನಲ್ಲಿ ಎತ್ತಿ ವ್ಯಾನಿಗಿಟ್ಟೆ. ಅದರ ಜೊತೆಗೆ ಆರು ಜನ ಹಮಾಲರೂ ಇದ್ದರು ಎಂಬುದು ಬೇರೆ ಮಾತು. ಕ್ವಿತೇರಿಯಾ ಬಾಯಿ ಮೇಣದಬತ್ತಿ ಕೈಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದಳು. ಪಾದ್ರಿ ಬಂದು ತೀರ್ಥ ಎರಚಿದರು. ಡೆಲ್ಫಿ ನನ್ನ ಕೈಗೆ ಮುತ್ತಿಟ್ಟಳು.

ಒಂಬತ್ತು ದಿನ ಎಲ್ಲ ಸರಿಯಿತ್ತು. ಹತ್ತನೇ ದಿನ ಫೋನು.

"ಪಾದ್ರೀನ್, ಮೇಲಿನ ಸ್ವರಗಳು ಹುಳಿ ಹುಳಿ ಆಗಿವೆ."

ಹೋದೆ. ಕೂಡಿಸಿದೆ. ನಾಲ್ಕು ದಿನಕ್ಕೆ ಮತ್ತೆ ಫೋನು. ಮತ್ತೆ ಹೋದೆ. ಹೊಸ ಮನೆ, ಹೊಸ ಗಾಳಿ, ಪಿಯಾನೊಗೂ ತವರು ಬಿಟ್ಟುಬಂದ ದುಃಖ ಇರುತ್ತದೆ ಎಂದೆ. ಜೂನಿನಲ್ಲಿ ಮಳೆಯ ಮೇಲೆ ಹಾಕಿದೆ. ಜುಲೈಯಲ್ಲಿ ಅವರ ನಡುಮನೆಯ ಕಿಟಕಿ ಪಡುವಣಕ್ಕಿದೆ, ಉಪ್ಪುಗಾಳಿ ಎಂದೆ. ಕುಡ್ತರಿಗೂ ಸಮುದ್ರಕ್ಕೂ ಇರುವ ದೂರ ಕ್ವಿತೇರಿಯಾ ಬಾಯಿಗೆ ಗೊತ್ತು. "ಉಪ್ಪು ಗಾಳೀಲಿಲ್ಲ ಕುಂಪಾರ್, ನಿಮ್ಮ ಮಾತಲ್ಲಿದೆ," ಎಂದಳು. ಪ್ರತಿ ಸಲ ನಾನು ನಡುಮನೆಯ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದೆ. ಒಳಗೆ ಏನೇನು ಮಾಡಿದೆ ಎಂಬುದು ವೃತ್ತಿಯ ಗುಟ್ಟು. ಬಲ್ಬು ಬದಲಿಸುವುದನ್ನೂ ನಾನೇ ಮಾಡಿದೆ. ಕೆಳಗಿನ ಹಲಗೆ ಮುಟ್ಟಬೇಡ, ಕರೆಂಟು ಹೊಡೆಯುತ್ತದೆ ಎಂದು ಹೇಳಿಟ್ಟಿದ್ದೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ನಾನು ಕೂಡಿಸಿ ಮುಗಿಸಿ ಚಹಾ ಕುಡಿಯುತ್ತಿದ್ದೆ. ಅವಳು ಪರೀಕ್ಷೆಯ ಪಾಠ ನುಡಿಸಿದಳು. ಕೊನೆಯಲ್ಲಿ ಎರಡೂ ಕೈ ಎತ್ತಿ ಗುಡುಗಬೇಕಾದ ಜಾಗವೊಂದಿದೆ. ಗುಡುಗಿದಳು. ನನ್ನ ಕಣ್ಣೆದುರೇ, ಇಲ್ಲ, ಕಿವಿಯೆದುರೇ, ಮೂರು ಸ್ವರ ಜಾರಿಹೋದವು.

ಅವಳು ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು. "ಈಗ ತಾನೆ ಕೂಡಿಸಿದ್ರಿ. ಮಳೆ ಇಲ್ಲ. ಕಿಟಕಿ ಮುಚ್ಚಿದೆ. ಏನಾಗ್ತಿದೆ ಪಾದ್ರೀನ್?"

ಏನಾದರೂ ಹೇಳಲೇಬೇಕಿತ್ತು.

"ನಿನ್ನ ಬೆರಳು ಕಣೇ," ಎಂದೆ. "ಭಾರ. ದೋಣಿ ಎಳೆಯೋರ ಬೆರಳು. ಇಂಥ ಮನೆತನದ ವಾದ್ಯ ಹೀಗೆ ಬಡಿದರೆ ತಡೆಯುತ್ತಾ? ದೊಡ್ಡೋರು ಗುಡುಗು ಅಂತ ಬರೆದಲ್ಲೂ ಕೈ ಹಗುರ ಇಟ್ಟೇ ನುಡಿಸೋದು."

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು, ಬೇರೆ ಯಾರದ್ದೋ ಎಂಬಂತೆ.

ಅಂದಿನಿಂದ ಫೋನು ಕಡಿಮೆಯಾಯಿತು. ನನಗೂ ಹಾಯೆನಿಸಿತು. ಸೆಪ್ಟೆಂಬರಿನಲ್ಲಿ ಮಾಸ್ತರರು ಪೇಟೆಯಲ್ಲಿ ಸಿಕ್ಕಿ, "ಏನಾಯ್ತು ನಿನ್ನ ಹುಡುಗಿಗೆ? ಮೊದಲೆಲ್ಲ ಬಾಗಿಲು ಅದುರೋ ಹಾಗೆ ನುಡಿಸ್ತಿದ್ಲು. ಈಗ ನೋಡಿದ್ರೆ ಮೊಟ್ಟೆ ಮೇಲೆ ನಡೆದ ಹಾಗೆ," ಎಂದರು. ನಾನು, "ಅದು ಪಕ್ವತೆ ಮಾಸ್ತರ್, ನಿಮಗೆ ತಿಳಿಯಲ್ಲ," ಎಂದೆ.

ಅಕ್ಟೋಬರಿನಲ್ಲಿ ಪಣಜಿಗೆ ಹೋಗಿ ಪರೀಕ್ಷೆ ಕೊಟ್ಟು ಬಂದಳು. ಡಿಸೆಂಬರ್ ಮೊದಲ ವಾರ ಕಾಗದ ಬಂತು. ನಾಲ್ಕು ಅಂಕದಿಂದ ಹೋಗಿತ್ತು. ಅದೇ ಭಾನುವಾರ ವಿಗಾರರು, ಹೊಸ ವರ್ಷದಿಂದ ಮಡಗಾಂವಿನ ಒಬ್ಬರು ಮಕ್ಕಳಿಗೆ ಪಾಠ ಹೇಳುತ್ತಾರೆ ಎಂದು ಪೂಜೆಯ ಕೊನೆಯಲ್ಲಿ ಓದಿದರು. ಡೆಲ್ಫಿ ಮೂರನೇ ಸಾಲಿನಲ್ಲಿ ಕೂತಿದ್ದಳು. ನಾನು ಕಂಬದ ಹಿಂದೆ ನಿಂತಿದ್ದೆ; ಅಲ್ಲಿ ನಾದ ಚೆನ್ನಾಗಿ ಕೇಳಿಸುತ್ತದೆ.

ಮಾರನೆಯ ದಿನ ಬೆಳಿಗ್ಗೆ ಅವಳೇ ಫೋನು ಮಾಡಿದಳು. "ಬನ್ನಿ ಪಾದ್ರೀನ್," ಎಂದಳು. ಅಷ್ಟೇ.

ಹೋದೆ. ಕ್ವಿತೇರಿಯಾ ಬಾಯಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ, ಬೈಯಲೂ ಇಲ್ಲ. ಆಕೆ ಬೈಯದಿದ್ದಾಗಲೇ ಏನೋ ಕೆಟ್ಟಿದೆ ಎಂದು ತಿಳಿಯಿತು. ಪಿಯಾನೊದ ಕೆಳಗಿನ ಹಲಗೆ ಕಳಚಿ ಗೋಡೆಗೆ ಒರಗಿಸಿತ್ತು, ಒಳಮೈ ಹೊರಗೆ. ಡೆಲ್ಫಿ ನೆಲದ ಮೇಲೆ ಕೂತಿದ್ದಳು, ಪಕ್ಕದಲ್ಲಿ ಕೆಟ್ಟ ಬಲ್ಬು.

"ದೀಪ ಸುಟ್ಟುಹೋಗಿತ್ತು," ಎಂದಳು. "ನಿಮ್ಮನ್ನ ಯಾಕೆ ಕರೆಯೋದು, ನಾನೇ ಹಾಕೋಣ ಅಂತ ತೆಗೆದೆ. ಕರೆಂಟೇನೂ ಹೊಡೀಲಿಲ್ಲ."

ಆಮೇಲೆ ಆ ಹಲಗೆಯ ಮೇಲೆ ಬೆರಳಿಟ್ಟು ಓದತೊಡಗಿದಳು, ಚಿಕ್ಕವಳಿದ್ದಾಗ ಮಗ್ಗಿ ಓದುತ್ತಿದ್ದಂತೆ. "ನವೆಂಬರ್ ಎಪ್ಪತ್ತೆರಡು, ಜೆ. ಬಾರೆಟ್. ನವೆಂಬರ್ ಎಪ್ಪತ್ತಮೂರು, ಜೆ. ಬಾರೆಟ್. ನವೆಂಬರ್ ಎಪ್ಪತ್ತನಾಲ್ಕು..."

ನೇರಳೆ ಬಣ್ಣ ನಿನ್ನೆ ಬರೆದಂತಿತ್ತು.

"ಬಾರೆಟ್‌ಗಳು ಸಾಷ್ಟೀಲಿ ಸಾವಿರ ಜನ ಇದಾರೆ ಕಣೇ," ಎಂದೆ. "ನನ್ನ ದೊಡ್ಡಪ್ಪನ ಮಗ ಜುವಾಂವ್ ಅಂತ ಒಬ್ಬ, ಅವನೂ ಇದೇ ಕೆಲಸ, ಅವನ ಕೈಬರಹ..."

"ನಿಮ್ಮ ದೊಡ್ಡಪ್ಪನಿಗೆ ಮಕ್ಕಳೇ ಇಲ್ಲ ಪಾದ್ರೀನ್." ಓದು ಮುಂದುವರಿಸಿದಳು. ಎಂಬತ್ತೊಂದಕ್ಕೆ ಬಂದು ನಿಲ್ಲಿಸಿದಳು. "ಇಲ್ಲಿ ಹೆಸರಿನ ಕೆಳಗೆ ಒಂದು ಸಾಲಿದೆ. 'ಬಿರಡೆ ಹಲಗೆ ಬಿರಿದಿದೆ. ಬಿರಡೆ ನಿಲ್ಲುವುದಿಲ್ಲ.' ಆಮೇಲೆ ಹನ್ನೆರಡು ವರ್ಷ ಬರೀ ಹೆಸರು."

ನಾನು ಜೇಬಿನಲ್ಲಿ ನಶ್ಯದ ಡಬ್ಬಿ ಹುಡುಕಿ, ತೆಗೆಯದೆ ಕೈ ಹೊರಗೆಳೆದೆ. 

"ಮಡಗಾಂವಲ್ಲಿ ಸೀನಿದಾಗಲೇ ನನಗೆ ಗೊತ್ತಾಗಬೇಕಿತ್ತು," ಎಂದಳು. "ಹುಳದ ಪುಡಿಗೆ ಯಾರಾದರೂ ಸೀನ್ತಾರಾ? ಆದರೂ ಬೇರೆಯವರ ಕಿವಿ ಮೋಸ ಮಾಡಬಹುದು, ಪಾದ್ರೀನ್ ಮಾಡಲ್ಲ ಅಂದ್ಕೊಂಡೆ."

ಈಗ ನಿಮಗೂ ಹೇಳಿಬಿಡುತ್ತೇನೆ. ಹೇಗಿದ್ದರೂ ನೀವು ಆ ನಾಯಿ ಕೈ ನೆಕ್ಕಿದಾಗಲೇ ಹಿಡಿದಿರುತ್ತೀರಿ.

ನಾನು ಆ ಪಿಯಾನೊಗೆ ಶ್ರುತಿ ಕೂಡಿಸಲು ಇಪ್ಪತ್ತೆರಡು ವರ್ಷ ಹೋಗಿದ್ದೆ. ಎಪ್ಪತ್ತೆರಡರಲ್ಲಿ ದೋನಾ ಆರ್ಮಿಂದಾ ದೀಪ ಯಾವಾಗ ಆರಿಸಬೇಕು ಎಂದು ಕೇಳಿದಳು. ಮಳೆ ಮುಗಿದ ಮೇಲೆ ಎಂದು ಯಾವ ಮೆಸ್ತ್ರಿಯಾದರೂ ಹೇಳುತ್ತಾನೆ. ಎಲ್ಲರೂ ಹೇಳುವುದನ್ನೇ ನಾನು ಹೇಳಬೇಕೆ? ಎಂದೂ ಆರಿಸಬೇಡಿ, ಇದು ಬಾರೆಟ್‌ನ ಗುಟ್ಟು ಎಂದೆ. ಆಕೆ ನಂಬಿದಳು. ಒಂಬತ್ತು ಬೇಸಗೆ ಆ ದೀಪ ಬಿಡದೆ ಉರಿದು, ಬಿರಡೆಗಳನ್ನು ಕಚ್ಚಿ ಹಿಡಿಯಬೇಕಾದ ಹಲಗೆ ಒಣಗಿ ಉದ್ದಕ್ಕೂ ಸೀಳಿತು. ಎಂಬತ್ತೊಂದರಲ್ಲಿ ಕೀಲಿ ಹಾಕಿದಾಗ ಬಿರಡೆ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಆ ಒಂದು ವರ್ಷ ಸತ್ಯ ಬರೆದೆ, ಯಾರೂ ಓದದ ಜಾಗದಲ್ಲಿ. ಹೊರಗೆ ಬಂದು ದೋನಾಗೆ, ಸ್ವರ್ಗದಲ್ಲೂ ಇಂಥ ಶ್ರುತಿ ಇಲ್ಲ ಎಂದೆ. ಅಲ್ಲಿಂದ ಮುಂದೆ ಪ್ರತಿ ನವೆಂಬರಿನಲ್ಲಿ ಹೋಗಿ, ಬಾಗಿಲು ಮುಚ್ಚಿ, ಅರ್ಧ ಗಂಟೆ ಟಣಟಣ ಮಾಡಿ, ಹೆಸರು ಬರೆದು, ಬೆಬಿಂಕಾ ತಿಂದು ಬಂದೆ. ಮನೆಯಲ್ಲಿ ನುಡಿಸುವವರಿರಲಿಲ್ಲ, ಆಕೆಗೆ ಕೇಳಿಸುತ್ತಿರಲಿಲ್ಲ.

ಆಕೆ ಮಾರುತ್ತೇನೆಂದಾಗ ನನಗೆ ಜ್ವರ ಬಂತು. ಯಾರು ಕೊಂಡರೂ ಅವರ ಮೆಸ್ತ್ರಿ ಹೊಟ್ಟೆ ತೆರೆಯುತ್ತಾನೆ. ಆ ಬಿರುಕು, ಅದರ ಕೆಳಗೆ ಇಪ್ಪತ್ತೆರಡು ಸಲ ನನ್ನ ಹೆಸರು. ಬೇರೆ ಯಾವ ಮೆಸ್ತ್ರಿಯೂ ಕಾಲಿಡದ ಮನೆ ಸಾಷ್ಟಿಯಲ್ಲಿ ಒಂದೇ ಇತ್ತು, ಡೆಲ್ಫಿಯದು. ಅವಳನ್ನು ಕರೆದೊಯ್ಯುವ ಹಿಂದಿನ ಸಂಜೆ, ದೋನಾ ಇಗರ್ಜಿಗೆ ಹೋದ ಹೊತ್ತು ನೋಡಿ ಲೋಟ್ಲಿಗೆ ಹೋಗಿ, ಬಿರಡೆಗಳ ಸುತ್ತ ಉಜ್ಜುಕಾಗದದ ಚೂರು ಸಿಕ್ಕಿಸಿ ಕೂಡಿಸಿಟ್ಟು ಬಂದಿದ್ದೆ. ಬಾಣಾವಲಿಯದು ಬಂಗಾರದಂಥ ವಾದ್ಯ. ಮಡಗಾಂವಿನ ಪುಡಿ ನನ್ನ ನಶ್ಯ. ನನಗೆ ಮೋಸ ಮಾಡಿದವರು ಮೂವರು ಎಂದು ಆರಂಭದಲ್ಲಿ ಹೇಳಿದೆನಲ್ಲ, ಆ ಮೂವರಿಗೂ ಮೋಸ ಮಾಡಿದವನು ಒಬ್ಬನೇ.

ಇಷ್ಟನ್ನೂ ಅವಳಿಗೆ ನಿಂತಲ್ಲೇ ಹೇಳಿದೆ. ಮೊದಲ ಸಲ ಒಂದು ಕಥೆಯನ್ನು ಇದ್ದಷ್ಟೇ ಅಳತೆಯಲ್ಲಿ ಹೇಳಿದೆ. ಅದು ಎಷ್ಟು ಚಿಕ್ಕದು ಎಂದು ನನಗೇ ಆಶ್ಚರ್ಯವಾಯಿತು.

ಡೆಲ್ಫಿ ಕೂಗಾಡಲಿಲ್ಲ. ಪಿಯಾನೊ ಮೇಲಿಟ್ಟಿದ್ದ ಪರೀಕ್ಷೆಯ ಕಾಗದ ತೆಗೆದು ನನಗೆ ಕೊಟ್ಟಳು. ಕೊನೆಯಲ್ಲಿ ಪರೀಕ್ಷಕರು ತಮ್ಮ ಕೈಯಲ್ಲಿ ಎರಡು ಸಾಲು ಬರೆದಿದ್ದರು. ಈಕೆಗೆ ಸಂಗೀತ ಗೊತ್ತಿದೆ. ಆದರೆ ಗಟ್ಟಿಯಾಗಿ ನುಡಿಸಬೇಕಾದಲ್ಲೆಲ್ಲ, ವಾದ್ಯ ಮುರಿದೀತೆಂಬಂತೆ ಕೈ ಹಿಂಜರಿಯುತ್ತದೆ.

"ಪಿಯಾನೊ ಹೋಗಲಿ," ಎಂದಳು. "ಒಂದು ಮಾತು ಕೇಳ್ತೀನಿ. ಆಗಸ್ಟಿಂದ ನಾನು ಈ ಕೈ ನೋಡಿ ನೋಡಿ ನಾಚಿಕೊಂಡಿದೀನಿ. ಬೆರಳು ಭಾರ ಅಂದ್ರಲ್ಲ, ದೋಣಿ ಎಳೆಯೋರ ಬೆರಳು ಅಂದ್ರಲ್ಲ. ಅದಾದರೂ ನಿಜವಾ?"

ಒಳಗೆ ನಾಲಿಗೆ ತಡಕಾಡಿತು. ಅರ್ಧ ನಿಜ ಎನ್ನಬಹುದಿತ್ತು. ಆಗ ನನಗೆ ಕೂತುಕೊಳ್ಳಲು ಒಂದು ಮೂಲೆಯಾದರೂ ಉಳಿಯುತ್ತಿತ್ತು.

"ಇಲ್ಲ ಮಗಾ," ಎಂದೆ. "ನಿನ್ನ ಬೆರಳಲ್ಲಿ ಏನೂ ತಪ್ಪಿರಲಿಲ್ಲ."